ನೀರು ಬರೂದಿಲ್ಲ

ನೀರು ವಿಭಾಗದಲ್ಲಿ ಮೂರನೆಯ ಮೇಜು ನನ್ನದು.
ಕಿಟಕಿಯಾಚೆ ಬೇವು, ಬೇವಿನಾಚೆ ಬಾದಶಾಹಿ ಕಾಲದ ಗಂಜು,
ಅದರ ನೆತ್ತಿಯ ತುಂಬ ವಿಜಯಪುರದ ಪಾರಿವಾಳ.
ಹನ್ನೊಂದು ವರ್ಷ ಇಲ್ಲಿ ಕೂತು
ಒಂದೇ ವಾಕ್ಯ ಬರೆದಿದ್ದೇನೆ, ತಾರೀಖು ಬದಲಿಸಿ:

ತಾಂತ್ರಿಕ ಕಾರಣಗಳ ಹಿನ್ನೆಲೆಯಲ್ಲಿ ಸದರಿ ದಿನಾಂಕದಂದು
ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ
ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.

ಕೋರಿದವರು ಯಾರು? ವಾಕ್ಯದೊಳಗೆ ಯಾರೂ ಇಲ್ಲ.
ಬೀಗ ಜಡಿದ ಮನೆಯಲ್ಲಿ ಯಾರೋ ಕೆಮ್ಮಿದ ಹಾಗೆ.

ರಾತ್ರಿ ಮನೆಯಲ್ಲಿ ನಾನು ಕವಿ.
ಅಲ್ಲಿಯೂ ಇದೇ ಹಣೆಬರಹ: ಅನಂತ, ನೀಲಿಮೆ, ಮೌನದ ಮಹಾಪೂರ.
ಹೆಂಡತಿ ಓದಿ, ಹಾಳೆ ಮಡಚಿ
"ಚಲೋ ಐತಿ" ಅನ್ನುವಳು,
ಮಗ್ಗಲು ಮನೆಯವರು ಕೊಟ್ಟ ಪಲ್ಯಕ್ಕೆ ಅನ್ನುವ ಧಾಟಿಯಲ್ಲಿ.

ಸ್ಕೂಟರ್ ಪಂಕ್ಚರಾದ ದಿನ
ದಸ್ತಗೀರನ ಆಟೋ ಹತ್ತಿದೆ. ಅವನು ನನ್ನ ವಾಕ್ಯವನ್ನು ಊರಿಗೆ ಓದುವವನು.
ಜೋರಾಪುರ ಪೇಟೆಯ ತಿರುವಿನಲ್ಲಿ ಗುರುಬಾಯಿ ಅಡ್ಡ ಬಂದಳು,
ಹಿಟ್ಟು ಹತ್ತಿದ ಕೈ ಮುಂದೆ ಮಾಡಿ:
"ಯಣ್ಣಾ, ಅದೆಲ್ಲಾ ಖರೇ. ನೀರು ಬರ್ತಾವೋ ಇಲ್ಲೋ?"

ದಸ್ತಗೀರ ನನ್ನ ಮುಖ ನೋಡಿದ. ಮೈಕು ಚಾಲೂ ಇತ್ತು.
"ಬರೂದಿಲ್ಲ" ಅಂದೆ.

ಓಣಿಗೆ ಓಣಿಯೇ ಕೇಳಿತು.
ಕೊಡ ಬಂದವು, ಬಕೀಟು ಬಂದವು, ಒಬ್ಬ ಹುಡುಗ ಡ್ರಮ್ಮು ಉರುಳಿಸುತ್ತ ಬಂದ.
ಇಷ್ಟು ವರ್ಷಗಳಲ್ಲಿ ನನ್ನ ಒಂದು ಶಬ್ದಕ್ಕೆ
ಒಂದು ತಂಬಿಗೆಯಾದರೂ ಅಲುಗಿದ್ದು ಅಂದೇ ಮೊದಲು.

ಮರುವಾರ ಹೀಗೆ ಬರೆದೆ:

ನಾಳೆ ಬುಧವಾರ ಜೋರಾಪುರ ಪೇಟೆಗೆ ನೀರು ಬರೂದಿಲ್ಲ.
ಕೊಲ್ಹಾರದ ಕಡೆ ಪೈಪು ಒಡದೈತಿ.
ಇವತ್ತ ರಾತ್ರಿ ಹತ್ತರತನಕ ಬಿಡ್ತೀವಿ, ತುಂಬಿಟ್ಕೊಳ್ರಿ.

"ಕೂಸು ಬರದಂಗ ಐತಲ್ಲರೀ" ಅಂದರು ಸಾಹೇಬರು, ಸಹಿ ಹಾಕಿದರು.
ನಾನು ಕಿಟಕಿಯಾಚೆ ನೋಡುತ್ತಿದ್ದೆ.
ಹರಿವ ನೀರಿನ ಒತ್ತಡಕ್ಕೆ ಕೊಳವೆ ಸೀಳದಿರಲೆಂದು
ನಡುನಡುವೆ ಗಂಜು ಕಟ್ಟಿದರಂತೆ ಹಿಂದಿನವರು.
ನೀರು ಏರಿ, ಉಸಿರು ಬಿಟ್ಟು, ಹೂಳನ್ನು ತಳಕ್ಕೆ ಇಳಿಸಿ
ಮುಂದೆ ಹೋಗುತ್ತಿತ್ತಂತೆ.
ಪೂರ್ಣವಿರಾಮ ಅಂದರೆ ಇದೇ ಇರಬೇಕು ಅನ್ನಿಸಿತು.
ಭಾಳ ಖುಷಿಯಾಯಿತು. ಆ ಖುಷಿ ಬುಧವಾರದ ತನಕ.

ಬುಧವಾರ ಮಧ್ಯಾಹ್ನ ನೀರು ಬಂತು!
ಪೈಪು ಬೇಗ ಬೆಸೆದಿದ್ದರು. ನನಗೆ ಯಾರೂ ಹೇಳಿರಲಿಲ್ಲ.
ಗುರುಬಾಯಿ ಕೆಲಸಕ್ಕೆ ಹೋಗಿದ್ದಳು, ನಳ ತೆರೆದೇ ಇತ್ತು,
ಮೂಲೆಯಲ್ಲಿ ಜೋಳದ ಚೀಲ.

ಮೇಜಿನ ಮೇಲೆ ಒಂದು ಮುಷ್ಟಿ ಹಸಿ ಜೋಳ ಸುರಿದು
ಅವಳು ಅಂದದ್ದು ಇಷ್ಟೇ:
"ನೀವು ಹೇಳಿದ್ರಿ ಅಂತ ನಂಬಿದೆ."

ಹಳೆಯ ವಾಕ್ಯ ಎಂದೂ ಸುಳ್ಳಾಗಿರಲಿಲ್ಲ.
ಸುಳ್ಳಾಗಲಿಕ್ಕೆ ಮೊದಲು ಏನಾದರೂ ಹೇಳಿರಬೇಕಲ್ಲ.

ಸಂಜೆ ಬರೆದೆ: ನಿನ್ನೆ ನಾವು ಹೇಳಿದ್ದು ತಪ್ಪಾತು.
ಸಾಹೇಬರು 'ತಪ್ಪಾತು' ಹೊಡೆದು ಹಾಕಿ
ಮೇಲೆ ಬರೆದರು: ಅನಾನುಕೂಲತೆಗಾಗಿ ವಿಷಾದಿಸಲಾಗಿದೆ.
ದಸ್ತಗೀರ ಹೊಡೆದದ್ದನ್ನೇ ಓದಿದನಂತೆ.
"ಮ್ಯಾಲಿನ ಅಕ್ಷರ ಸಣ್ಣವಿದ್ವು, ಕಾಣಲಿಲ್ಲರೀ" ಅಂದ,
ಬೀಡಿ ಹಚ್ಚುತ್ತ, ಬೇರೆ ಕಡೆ ನೋಡುತ್ತ.

ಆ ರಾತ್ರಿ ಇದನ್ನೆಲ್ಲ, ಆದದ್ದು ಆದ ಹಾಗೆ,
ಒಂದು ಹಾಳೆಗೆ ಇಳಿಸಿದೆ.
ಹೆಂಡತಿ ಓದಿದಳು. ಮಡಚಲಿಲ್ಲ.
"ಮುಂದ ಆ ಜೋಳ ಏನ್ಮಾಡಿದ್ಳು ಅಕಿ?" ಅಂದಳು.

ಗೊತ್ತಿಲ್ಲ.
ನಾಳೆ ಹೋಗಿ ಕೇಳಬೇಕು.